ಶೇಕಡಾ ಹತ್ತೊಂಬತ್ತು ಕಾಡು

ನನ್ನ ಅವ್ವ ಶೇಕಡಾ ಹತ್ತೊಂಬತ್ತು ಮಾತ್ರ ಕಾಡಿನವಳು ಎಂದು ಯಂತ್ರ ಹೇಳಿತು. ಆ ಯಂತ್ರಕ್ಕೆ ಅವಳ ಕೂದಲು ಉಣಿಸಿದವನು ನಾನೇ. ಅವ್ವ ಕೇತಮ್ಮ ಹುಟ್ಟಿದ್ದು ಕಲ್ಲಾರೆ ಪೋಡಿನಲ್ಲಿ, ಅಂದರೆ ಕಾಡೊಳಗಿನ ನಮ್ಮ ಹಾಡಿಯಲ್ಲಿ. ಅವಳ ಅವ್ವ ಹುಟ್ಟಿದ್ದೂ ಅಲ್ಲೇ. ಅಲ್ಲಿಯ ತನಕದ ಅರವತ್ತೇಳು ವರ್ಷಗಳಲ್ಲಿ ಅವಳು ಕಾಡು ಬಿಟ್ಟು ಹೊರಗೆ ಮಲಗಿದ್ದು ಒಟ್ಟು ಎಂಟು ದಿನ, ಅದೂ ನನ್ನನ್ನು ಹೆತ್ತಾಗ, ಆಸ್ಪತ್ರೆಯ ಮಂಚದ ಮೇಲೆ. ಇದನ್ನೆಲ್ಲ ಯಂತ್ರಕ್ಕೆ ಹೇಳುವ ದಾರಿ ಇರಲಿಲ್ಲ. ಅದು ಕೂದಲನ್ನು ಮಾತ್ರ ಕೇಳುತ್ತಿತ್ತು.

ಈ ಯಂತ್ರ ಯಾಕೆ ಬಂತು ಎಂದು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಾಲ್ಕು ವರ್ಷಗಳ ಹಿಂದೆ ವನಪಾಲು ಕಾನೂನು ಬಂತು. ರಾಷ್ಟ್ರದ ಕಾಡುಗಳಿಂದ ಬರುವ ಆದಾಯವೆಲ್ಲ, ಅಂದರೆ ಸಫಾರಿ, ಮರ, ನೀರು, ಗಾಳಿಯಿಂದ ಕಾಡು ಹೀರಿಕೊಳ್ಳುವ ಇಂಗಾಲಕ್ಕೆ ಹೊರದೇಶದ ಕಂಪನಿಗಳು ಕೊಡುವ ಬೆಲೆ, ಇದರಲ್ಲಿ ಕಾಲು ಭಾಗ ಸ್ಥಳೀಯ ಸಮುದಾಯಕ್ಕೆ ಎಂದು ಸರ್ಕಾರ ಬರೆದು ಕೊಟ್ಟಿತು. ನಮ್ಮ ಪೋಡಿನಲ್ಲಿ ಅವತ್ತು ಕುಣಿದಿದ್ದೇ ಕುಣಿದಿದ್ದು. ಆದರೆ ಸ್ಥಳೀಯ ಎಂದರೆ ಯಾರು? ಆರು ತಿಂಗಳಲ್ಲಿ ಕಾಡಿನಂಚಿನ ಪ್ರತಿ ರೆಸಾರ್ಟಿನವನೂ, ಪ್ರತಿ ಕಾಫಿ ತೋಟದವನೂ ಸ್ಥಳೀಯನಾಗಿಬಿಟ್ಟ. ಎಲ್ಲರ ಹತ್ತಿರವೂ ಕಾಗದ ಇತ್ತು, ಸೀಲು ಇತ್ತು. ಇಲ್ಲದಿದ್ದದ್ದು ನಮ್ಮ ಹತ್ತಿರ ಮಾತ್ರ.

ಕಾಗದ ಸುಳ್ಳು ಹೇಳುತ್ತದೆ, ಮೈ ಹೇಳುವುದಿಲ್ಲ ಎಂದು ಆಗ ವಿಜ್ಞಾನಿಗಳು ಮುಂದೆ ಬಂದರು. ಬಂಡೆ ಬಂಡೆಗೂ ಸ್ಟ್ರಾನ್ಷಿಯಂ ಎಂಬ ಧಾತುವಿನ ಗುರುತು ಬೇರೆ. ಬಂಡೆ ಕರಗಿ ಮಣ್ಣಾಗುತ್ತದೆ, ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ತಿಂದವರ ಮೂಳೆಗೂ ಕೂದಲಿಗೂ ಅದೇ ಗುರುತು ಹೋಗುತ್ತದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ ಮೂರು ಸೆಂಟಿಮೀಟರ್ ಕತ್ತರಿಸಿ ತೊಳೆದು ಸುಟ್ಟು ನೋಡಿದರೆ ನೀವು ಮೂರು ತಿಂಗಳು ಯಾವ ನೆಲದ್ದನ್ನು ತಿಂದಿರಿ ಎಂದು ಗೊತ್ತಾಗುತ್ತದೆ. ಹೀಗೆ ವನಮಾಪಕ ಹುಟ್ಟಿತು. ಕೂದಲಲ್ಲಿ ಕಾಡಿನ ಗುರುತು ಶೇಕಡಾ ನಲವತ್ತು ದಾಟಿದರೆ ನೀವು ಕಾಡಿನವರು, ನಿಮಗೆ ಪಾಲು ಉಂಟು. ದಾಟದಿದ್ದರೆ ಪಾಲೂ ಇಲ್ಲ, ಕಾಡೊಳಗೆ ವಾಸವೂ ಇಲ್ಲ, ಬಯಲಿನ ಶೆಡ್ಡುಗಳಿಗೆ ನಡೆಯಿರಿ. ನಾನು ಬಿ.ಎಸ್ಸಿ. ಮಾಡಿದ್ದೆ. ಪೋಡಿನ ಹುಡುಗ, ಜನ ಕೂದಲು ಕೊಡುತ್ತಾರೆ ಎಂದು ನನ್ನನ್ನು ಜಿಲ್ಲಾ ಕೇಂದ್ರದ ಲ್ಯಾಬಿಗೆ ಸೇರಿಸಿಕೊಂಡರು. ಒಂದು ಕತ್ತರಿ, ಒಂದು ಚೀಲ, ಗುರುತಿನ ಚೀಟಿಯ ಮೇಲೆ 'ಬೇದೇಗೌಡ, ಮಾದರಿ ಸಂಗ್ರಾಹಕ' ಎಂಬ ಹೆಸರು. ಹೆಮ್ಮೆಯಿಂದಲೇ ಹಾಕಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಲ್ಯಾಬಿನ ಮುಖ್ಯಸ್ಥೆ ಡಾ. ಸುನಂದಾ ಹೆಬ್ಬಾರ್ ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಪರದೆಯ ಮೇಲೆ ಕಲ್ಲಾರೆಯ ಮೂವತ್ತನಾಲ್ಕು ಮನೆಗಳ ಅಂಕಿ ತೋರಿಸಿದರು. ಇಪ್ಪತ್ತೆರಡು, ಹದಿನೇಳು, ಇಪ್ಪತ್ನಾಲ್ಕು. ಅವ್ವನದು ಹತ್ತೊಂಬತ್ತು. ಕೊನೆಯಲ್ಲಿ ಹಸಿರು ಬಣ್ಣದಲ್ಲಿ ಎಪ್ಪತ್ತೊಂದು ಎಂದು ಹೊಳೆಯುತ್ತಿತ್ತು. ಅದು ಕಾಡಿನಂಚಿನ ರೆಸಾರ್ಟಿನ ಮಾಲೀಕ ದಿನಕರನದು.

"ಮೇಡಂ, ಆ ಮನುಷ್ಯ ಬಂದು ಒಂಬತ್ತು ವರ್ಷ ಆಯ್ತು ಅಷ್ಟೆ," ಎಂದೆ.

"ಇರಬಹುದು. ಆದ್ರೆ ಅವರು ತಿನ್ನೋದೆಲ್ಲ ಕಾಡಿಂದೇ ನೋಡಿ. ಹೆಜ್ಜೇನು, ನೆಲ್ಲಿಕಾಯಿ, ಕಾಡುಗೆಣಸು, ತೊರೆಯ ನೀರು. ಎಲ್ಲ ಅರಣ್ಯ ಇಲಾಖೆ ಹರಾಜಿನಲ್ಲಿ ಕೊಂಡಿದ್ದು. ಬಿಲ್ಲು ಇಟ್ಟಿದ್ದಾರೆ. ನಿಮ್ಮ ಜನ ಏನು ತಿಂತಾರೆ?"

ನನ್ನ ಜನ ಏನು ತಿನ್ನುತ್ತಾರೆ! ಹುಲಿ ಸಂರಕ್ಷಿತ ಕಾಡಾದ ಮೇಲೆ ಜೇನು ಕೊಯ್ಯಬಾರದು, ಗೆಣಸು ಅಗೆಯಬಾರದು, ರಾಗಿ ಬಿತ್ತಬಾರದು ಎಂದು ಬೇಲಿ ಹಾಕಿದವರು ಯಾರು? ಬದಲಿಗೆ ರೇಷನ್ ಅಕ್ಕಿ ಕೊಟ್ಟರು. ಯಾವುದೋ ರಾಜ್ಯದ ಗದ್ದೆಯ ಅಕ್ಕಿ, ಎಲ್ಲಿಯದೋ ಎಣ್ಣೆ. ಕುಡಿಯುವ ನೀರು ಕೂಡ ಬಯಲಿನಿಂದ ಪೈಪಿನಲ್ಲಿ ಹತ್ತಿ ಬರುತ್ತದೆ. ಇಪ್ಪತ್ತು ವರ್ಷ ಕಾಡನ್ನು ನಮ್ಮ ಬಾಯಿಂದ ಕಿತ್ತು, ಈಗ ಬಾಯಿ ತೆರೆಸಿ ನೋಡಿ, ಇಲ್ಲಿ ಕಾಡೇ ಇಲ್ಲವಲ್ಲ ಎನ್ನುತ್ತಾರೆ. ಇದನ್ನು ಮೇಡಂಗೆ ಹೇಳಿದೆ, ಇಷ್ಟು ಜೋರಾಗಿ ಅಲ್ಲ.

"ನಂಬರ್ ಅಂದ್ರೆ ನಂಬರ್, ಬೇದೇಗೌಡ್ರೇ. ನಾನು ಅದನ್ನ ಬದಲಾಯಿಸೋಕಾಗಲ್ಲ. ಆದ್ರೆ ಮರುಪರೀಕ್ಷೆಗೆ ಅವಕಾಶ ಇದೆ. ಪೋಡಿನ ಪರವಾಗಿ ಒಬ್ಬರು, ಆರು ತಿಂಗಳ ನಂತರ. ಅವರ ಅಂಕಿ ನಲವತ್ತು ದಾಟಿದ್ರೆ ಇಡೀ ಪೋಡು ಉಳಿಯತ್ತೆ."

ಆ ಕಾಗದ ಹಿಡಿದುಕೊಂಡು ಪೋಡಿಗೆ ಹೋದೆ. ಅವ್ವ ಒಲೆ ಮುಂದೆ ಕೂತು ಅದೇ ರೇಷನ್ ಅಕ್ಕಿ ಆರಿಸುತ್ತಿದ್ದಳು. ಪೋಡಿನ ಯಜಮಾನ ಕೋಣೂರೇಗೌಡಜ್ಜ ಜಗುಲಿ ಮೇಲೆ ಕೂತಿದ್ದ. ಓದಿ ಹೇಳಿದೆ. ಅವ್ವ ಮೊರ ಕೆಳಗಿಟ್ಟಳು.

"ಅಕ್ಕಿ ತಿನ್ನಿ ಅಂದೋರೂ ಅವ್ರೇಯಾ, ಅಕ್ಕಿ ತಿಂದ್ರಿ ಅಂತ ಆಚ್ಗ ತಳ್ಳೋರೂ ಅವ್ರೇಯಾ? ಆ ಮಿಷನ್ನು ಮಾಡ್ದೋನ್ಗ ಅವ್ವ ಅಪ್ಪ ಇಲ್ವಾ?"

"ಬೈದ್ರ ಏನೂ ಆಗಲ್ಲ ಕನವ್ವ. ಆರು ತಿಂಗಳು ಯಾರಾದ್ರೂ ಒಬ್ರು ಕಾಡಿಂದೇ ತಿನ್ಬೇಕು. ಅಕ್ಕಿ ಮುಟ್ಬಾರ್ದು, ಪೈಪಿನ ನೀರು ಕುಡೀಬಾರ್ದು."

ಕೋಣೂರೇಗೌಡಜ್ಜ ಹೊಗೆಸೊಪ್ಪು ಉಗಿದು ಹೇಳಿದ: "ಗೆಣಸಿನ ಬಳ್ಳಿ ಜಾಡು ಇವತ್ತಿಗೂ ಗೊತ್ತಿರೋಳು ಈ ಪೋಡಲ್ಲಿ ಒಬ್ಳೇಯಾ. ಕೇತಮ್ಮ, ನೀನೇ ತಿನ್ನು."

"ತಿನ್ನೋಕ ಏನ್ ಕಷ್ಟ? ಇಷ್ಟ್ ದಿನ ತಿನ್ನಬ್ಯಾಡ ಅಂದದ್ದೇ ಕಷ್ಟವಾಗಿತ್ತು," ಎಂದಳು ಅವ್ವ. ಅವಳ ಮುಖದಲ್ಲಿ ಸಿಟ್ಟು ಹೋಗಿ ಏನೋ ಬೇರೆಯದೇ ಬಂತು. ನನಗೆ ಅದು ಖುಷಿ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಕಲ್ಲಾರೆಯಲ್ಲಿ ಗೆಣಸು ಅಗೆದವರು ಬಳ್ಳಿ ಅಂಟಿಕೊಂಡ ತಲೆಯ ತುಂಡನ್ನು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಬರುತ್ತಾರೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಸಂಜೆ ಪೋಡಿನವರ ಮುಂದೆ ಕೂತು, ಎಲ್ಲಿ ಅಗೆದೆ, ಎಷ್ಟು ಆಳ ಅಗೆದೆ ಎಂದು ಬಾಯಿ ಬಿಟ್ಟು ಹೇಳಬೇಕು. ಅದು ಮತ್ತೆ ಬೆಳೆಯುವ ತನಕ ಇನ್ನೊಬ್ಬರು ಆ ಜಾಗ ಮುಟ್ಟಬಾರದಲ್ಲ, ಅದಕ್ಕೆ. ಹೇಳದೆ ತಿಂದವರ ಮನೆಯಲ್ಲಿ ಯಾರೂ ಒಲೆಗೆ ಬೆಂಕಿ ಕೂಡ ಕೇಳುವುದಿಲ್ಲ. ನಮ್ಮಲ್ಲಿ ಕಳ್ಳತನ ಎಂದರೆ ಅಗೆಯುವುದಲ್ಲ, ಅಗೆದು ಹೇಳದೇ ಇರುವುದು.

ಅವ್ವ ಅಗೆಯುವ ಕೋಲು ಹಿಡಿದು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಬರುತ್ತಿದ್ದಳು. ಗಾರ್ಡುಗಳ ಕಣ್ಣು ತಪ್ಪಿಸಿ ಹೋಗುವುದು ಅವಳಿಗೆ ದೊಡ್ಡದಲ್ಲ, ಅವರು ಜೀಪಿನ ಸದ್ದು ಮಾಡಿಕೊಂಡೇ ಓಡಾಡುತ್ತಾರೆ. ಗೆಣಸು, ಸೊಪ್ಪು, ತುಡುವೆ ಜೇನು, ಅಣಬೆ, ನೆಲ್ಲಿ. ಸಂಜೆ ಎಲ್ಲರ ಮುಂದೆ ಕೂತು ಜಾಗಗಳನ್ನು ಹೇಳುವಳು. ಇಪ್ಪತ್ತು ವರ್ಷಗಳಿಂದ ನಿಂತಿದ್ದ ಮಾತು ಮತ್ತೆ ಶುರುವಾಯಿತು. ಮುದುಕರು ತಿದ್ದುವರು, ಹೆಂಗಸರು ನಗುವರು, ಮಕ್ಕಳು ಆ ಜಾಗಗಳ ಹೆಸರನ್ನು ಮೊದಲ ಸಲ ಕೇಳಿದರು. ವಾರಕ್ಕೊಮ್ಮೆ ನಾನು ಹೋದಾಗೆಲ್ಲ ಅವ್ವ ಸ್ವಲ್ಪ ಸ್ವಲ್ಪವೇ ದಪ್ಪಗಾಗುತ್ತಿದ್ದಳು. ನನಗೂ ಒಂದು ತುಂಡು ಸುಟ್ಟ ಗೆಣಸು ಕೊಡಲು ಬಂದರೆ ನಾನು ತಿನ್ನುತ್ತಿರಲಿಲ್ಲ. ಲ್ಯಾಬಿನವನ ಕೂದಲಲ್ಲಿ ಕಾಡು ಸಿಕ್ಕರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ನನಗೆ.

ಆರು ತಿಂಗಳಿಗೆ ಕೂದಲು ಕತ್ತರಿಸಿದೆ. ಯಂತ್ರ ನಾಲ್ಕು ಗಂಟೆ ಗುಂಯ್‌ಗುಟ್ಟಿತು. ಐವತ್ತೆಂಟು! ನಾನು ಕುರ್ಚಿಯಿಂದ ಎದ್ದು ನಿಂತೆ. ಹೆಬ್ಬಾರ್ ಮೇಡಂ ಮಾತ್ರ ಪರದೆ ನೋಡುತ್ತಲೇ ಕನ್ನಡಕ ತೆಗೆದರು.

"ಬೇದೇಗೌಡ್ರೇ, ಇದು ಒಳ್ಳೇದಲ್ಲ."

"ಯಾಕೆ ಮೇಡಂ? ನಲವತ್ತು ದಾಟಿತಲ್ಲ."

"ದಾಟಿತು. ಆದ್ರೆ ಹೇಗೆ ದಾಟಿತು ಅಂತ ಕೇಳ್ತಾರೆ. ನಲವತ್ತಕ್ಕಿಂತ ಹೆಚ್ಚು ಬಂದವರು ವನ್ಯೋತ್ಪನ್ನ ಎಲ್ಲಿಂದ ಪಡೆದರು ಅಂತ ವಿಚಾರಣೆ ಮಾಡಬೇಕು ಅಂತ ಇದೆ. ಹದಿನಾಲ್ಕನೇ ಕಲಮು. ಕೊಂಡಿದ್ದರೆ ಸರಿ. ಕಾಡಿಂದ ನೇರ ತಂದಿದ್ದರೆ ಅದು ಅಪರಾಧ. ಈ ಕೂದಲೇ ಸಾಕ್ಷಿ ಆಗತ್ತೆ."

ನಾನು ಅವತ್ತು ಲ್ಯಾಬಿನ ನೀರಿನ ಹೂಜಿಯನ್ನು ಗೋಡೆಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಕಡಿಮೆ ಬಂದರೆ ನೀವು ಕಾಡಿನವರಲ್ಲ, ಹೆಚ್ಚು ಬಂದರೆ ನೀವು ಕಾಡಿನ ಕಳ್ಳರು. ಈ ಕಾನೂನು ಬರೆದವನು ಎಂಥ ತಲೆಯವನೋ! ಬಿಲ್ಲು ಇಟ್ಟವನು ಮಾತ್ರ ಕಾಡಿನ ಮಗ.

ನಾನು ಬುದ್ಧಿವಂತ ಎಂದುಕೊಂಡು ಒಂದು ಉಪಾಯ ಮಾಡಿದೆ. ದಿನಕರನ ರೆಸಾರ್ಟಿನ ಅಂಗಡಿಯಲ್ಲಿ ಕಾಡುಗೆಣಸು, ಜೇನು ಎಲ್ಲ ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿನ ಗುಮಾಸ್ತ ನನ್ನ ಜೊತೆ ಓದಿದವನು. ಆರು ತಿಂಗಳ ಬಿಲ್ಲುಗಳನ್ನು ಅವ್ವನ ಹೆಸರಿಗೆ ಬರೆಸಿಕೊಂಡೆ. ಅವುಗಳನ್ನು ತಂದು ಅವ್ವನ ಮಡಿಲಲ್ಲಿಟ್ಟು ಹೇಳಿದೆ: "ಕೇಳವ್ವ, ಮಂಡಳಿಯೋರು ಕೇಳ್ದಾಗ ಒಂದೇ ಮಾತು ಹೇಳು. ಅಂಗಡೀಲಿ ತಕ್ಕಂಡೆ ಬುದ್ಧಿ, ಬಿಲ್ಲು ಇಲ್ಲಿ ಅದ. ಅಷ್ಟೇಯಾ."

"ನಾ ಅಂಗಡಿ ಮೆಟ್ಲೇ ಹತ್ತಿಲ್ವಲ್ಲ ಮಗ."

"ಗೊತ್ತು ಕನವ್ವ. ಮೂವತ್ನಾಕು ಮನೆ ಉಳೀಬೇಕು ಅಂದ್ರ ಹಂಗೇ ಹೇಳ್ಬೇಕು."

ಅವಳು ಬಿಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಆಯ್ತು ಹೇಳ್ತಿನಿ" ಎಂದಳು. ಹೋಗುವ ದಿನದ ತನಕ ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ಸರಿಯಾಗಿ ಹೇಳಿದಳು.

ವನಪಾಲು ಮಂಡಳಿಯ ವಿಚಾರಣೆ ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ. ಮೇಜಿನ ಹಿಂದೆ ಮೂವರು, ಪಕ್ಕದಲ್ಲಿ ಟೈಪು ಮಾಡುವ ಒಬ್ಬ. ಪೋಡಿನ ಜನ ಗೋಡೆಗೆ ಒರಗಿ ನಿಂತಿದ್ದರು. ಅವ್ವ ತಲೆಗೆ ಎಣ್ಣೆ ಹಾಕಿ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಬಿಲ್ಲುಗಳ ಕಟ್ಟು ಅವಳ ಕೈಯಲ್ಲಿತ್ತು. ಅಧ್ಯಕ್ಷ ಒಳ್ಳೆಯ ಮಾತಿನ ಮನುಷ್ಯ. ಕುಳಿತುಕೊಳ್ಳಿ ಅಮ್ಮ ಎಂದ, ನೀರು ಕೊಡಿಸಿದ. ಆಮೇಲೆ ಕನ್ನಡಕದ ಮೇಲಿಂದ ನೋಡಿ, ಮೆತ್ತಗೆ, ನಗುತ್ತಲೇ ಕೇಳಿದ.

"ಈ ಗೆಣಸು ಎಲ್ಲಿ ಅಗೆದಿದ್ದಮ್ಮ? ಯಾರು ಅಗೆದರು?"

ಕೊಂಡಿದ್ದೋ ತಂದಿದ್ದೋ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಿಕೊಟ್ಟ ಮಾತು ಬರುತ್ತಿತ್ತು. ಅವನು ಕೇಳಿದ್ದು ಪೋಡಿನ ಸಂಜೆಯ ಪ್ರಶ್ನೆ. ಅದಕ್ಕೆ ಅವಳು ಆರು ತಿಂಗಳು, ಅಗೆದ ದಿನವೆಲ್ಲ, ಉತ್ತರ ಕೊಟ್ಟಿದ್ದಳು. ಅದಕ್ಕೆ ಸುಳ್ಳು ಹೇಳಿದವರ ಮನೆಯಲ್ಲಿ ಬೆಂಕಿ ಕೇಳುವವರಿರುವುದಿಲ್ಲ. ಅವ್ವ ಬಿಲ್ಲುಗಳನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತಳು.

"ನಾನೇ ಅಗದದ್ದು ಬುದ್ಧಿ. ಮೊದ್ಲು ಹುಲಿಕಲ್ಲ ಹಿಂದ್ಗಡ ಒಂದು ಗುಂಡಿ, ಮೊಣಕಾಲುದ್ದ. ಆಮ್ಯಾಲ ಕೆಮ್ಮಣ್ಣ ಹಳ್ಳದ ಬಲಗಡ, ಎರ್ಡು. ದೊಡ್ಡ ಮತ್ತಿಮರದ ಬುಡದಲ್ಲಿ ಒಂದು. ತಲ ಮುಚ್ಚಿಬಂದಿನಿ, ಎಲ್ಲಾನೂ ಚಿಗುರ್ತಾವ."

"ಅವ್ವ!" ಎಂದೆ. ಅವಳಿಗೆ ಕೇಳಿಸಲಿಲ್ಲ. ಟೈಪು ಮಾಡುವವನ ಕೈ ಓಡುತ್ತಿತ್ತು.

"ಜೇನುಬರೆ ಮ್ಯಾಗಡ ಒಂದು..."

"ಮ್ಯಾಗಡ ಅಲ್ಲ ಕೇತಮ್ಮ, ಕೆಳ್ಗಡ," ಎಂದ ಕೋಣೂರೇಗೌಡಜ್ಜ ಗೋಡೆಯ ಪಕ್ಕದಿಂದ. "ಮ್ಯಾಗಡದ್ದು ಇನ್ನೂ ಬಲ್ತಿಲ್ಲ. ಸರ್ಯಾಗಿ ಹೇಳು, ಬರ್ಕಂತಾವರ."

"ಹೌದು ಹೌದು, ಕೆಳ್ಗಡ. ತೆಪ್ಪಾಯ್ತು ಬುದ್ಧಿ, ಅದ ತಿದ್ಕಳಿ."

ಅವನು ತಿದ್ದಿಕೊಂಡ. ಪೋಡಿನವರ ಮುಖ ಅರಳಿತ್ತು. ಇಷ್ಟು ದೊಡ್ಡ ಜನ, ಅದೂ ಸರ್ಕಾರದವರು, ಕೂತು ಕೇಳುತ್ತಿದ್ದಾರೆ, ಬರೆದುಕೊಳ್ಳುತ್ತಿದ್ದಾರೆ! ಹೀಗೆ ಕೇಳಿದ ಮೇಲೆ ಕಾಡು ನಮ್ಮದಲ್ಲ ಎನ್ನುವವರು ಯಾರು ಎಂದು ಅವರು ತಿಳಿದರು. ಒಂದೊಂದೇ ಜಾಗ ಹೇಳುತ್ತ ಅವ್ವ ಇಪ್ಪತ್ತಮೂರಕ್ಕೆ ನಿಂತಳು. ಇಡೀ ಸಭಾಂಗಣದಲ್ಲಿ ಆ ಲೆಕ್ಕ ಏನೆಂದು ಗೊತ್ತಿದ್ದವರು ಮೇಜಿನ ಹಿಂದಿನ ಆ ಮೂವರು ಮತ್ತು ನಾನು. ಒಂದೊಂದು ಗುಂಡಿಯೂ ಒಂದೊಂದು ಅಪರಾಧ. ನಾನು ನನ್ನ ಜನರ ಮೇಲೆ ಸಿಟ್ಟಾದೆ. ಆ ಸಿಟ್ಟಿಗೆ ಇವತ್ತಿಗೂ ನನಗೆ ನಾಚಿಕೆ ಇದೆ.

ತೀರ್ಪು ಹದಿನೈದು ದಿನಕ್ಕೆ ಬಂತು. ಅಂಕಿ ನಲವತ್ತು ದಾಟಿದ್ದರಿಂದ ಕಲ್ಲಾರೆ ಪೋಡು ಸ್ಥಳೀಯ ಸಮುದಾಯವೆಂದು ಸಾಬೀತಾಗಿದೆ, ಮೂವತ್ತನಾಲ್ಕು ಮನೆಗಳಿಗೆ ಪಾಲು ಸಲ್ಲುತ್ತದೆ. ಕೇತಮ್ಮ ಇಪ್ಪತ್ತಮೂರು ಕಡೆ ವನ್ಯೋತ್ಪನ್ನ ಕದ್ದಿರುವುದಾಗಿ ಒಪ್ಪಿಕೊಂಡಿದ್ದಾಳೆ. ವಯಸ್ಸು ನೋಡಿ ಜೈಲು ಬೇಡ. ಆದರೆ ಕದ್ದ ಮುದ್ದೇಮಾಲು ಆಕೆಯ ಮೈಯಲ್ಲೇ ಇರುವುದರಿಂದ, ಅಂಕಿ ಹತ್ತಕ್ಕಿಂತ ಕೆಳಗಿಳಿಯುವ ತನಕ ಆಕೆ ಕಾಡಿನ ಗಡಿಯ ಹೊರಗೆ ಇರತಕ್ಕದ್ದು.

ಪೋಡಿನವರು ಪಾಲು ಬೇಡ ಎಂದರು. ಕೋಣೂರೇಗೌಡಜ್ಜ ಕಾಗದ ಹರಿಯಲು ಹೋದ. ಅವ್ವನೇ ತಡೆದಳು. "ನಾ ಒಬ್ಳು ಹೋದ್ರ ನೀವಷ್ಟೂ ಉಳೀತೀರಿ. ಕೊಟ್ಟಿರೋದ ಇಸ್ಕಳಿ. ಅದು ಅವ್ರ ಅಪ್ಪನ ಮನೆ ಗಂಟಲ್ಲ," ಎಂದು ಗದರಿದಳು. ಗಂಟು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ಬಸ್‌ ಸ್ಟ್ಯಾಂಡಿನ ಹಿಂದೆ ನನ್ನದೊಂದು ಬಾಡಿಗೆ ಕೋಣೆ. ತಗಡಿನ ಮಾಡು, ಎದುರಿಗೆ ಟೈರಿನ ಅಂಗಡಿ. ಅವ್ವ ಅಲ್ಲಿ ರೇಷನ್ ಅಕ್ಕಿ ಉಂಡುಕೊಂಡು ಕೂತಳು. ಮೂಳೆಯೊಳಗೆ ಕೂತ ಕಾಡು ಬೇಗ ಇಳಿಯುವುದಿಲ್ಲ, ನಿಧಾನವಾಗಿ ಇಳಿಯುತ್ತದೆ ಎಂದು ಹೆಬ್ಬಾರ್ ಮೇಡಂ ವಿವರಿಸಿದರು. ಮೂರು ತಿಂಗಳಿಗೊಮ್ಮೆ ನಾನೇ ಕತ್ತರಿ ಹಿಡಿಯಬೇಕು. ಮೊದಲ ಸಲ ಮೂವತ್ತಮೂರು. ಅವ್ವ ಮಾತು ಕಡಿಮೆ ಮಾಡಿದಳು. ಎರಡನೇ ಸಲ ಹದಿನೇಳು. ಅಷ್ಟರಲ್ಲಿ ಅವಳು ಮನೆ ಬಾಗಿಲು ತೆರೆದು ನೋಡುವುದನ್ನೂ ಬಿಟ್ಟಿದ್ದಳು. ಲ್ಯಾಬಿನಲ್ಲಿ ನನಗೆ, "ಚೆನ್ನಾಗಿ ಇಳೀತಿದೆ, ಬೇಗ ಮನೆಗೆ ಹೋಗಬಹುದು" ಎನ್ನುತ್ತಿದ್ದರು. ಜ್ವರ ಇಳಿಯುತ್ತಿದೆ ಎನ್ನುವವರ ಹಾಗೆ!

ಮೂರನೇ ಸಲ ಎಂಟು ಬಂತು. ಪ್ರಕರಣ ಮುಕ್ತಾಯ ಎಂಬ ಕಾಗದವೂ ಬಂತು. ಅವ್ವ ಅವತ್ತೇ ಗಂಟು ಕಟ್ಟಿದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕಾಡಿನ ಚೆಕ್‌ಪೋಸ್ಟಿನ ಮುಂದೆ ಇಳಿದೆವು. ಅಲ್ಲಿ ಹೊಸದಾಗಿ ಒಂದು ಪರದೆ ಹಾಕಿದ್ದರು. ಗಾರ್ಡು ಅವ್ವನ ಗುರುತಿನ ಚೀಟಿ ಒತ್ತಿದ. ಕೆಂಪು ದೀಪ ಹತ್ತಿತು.

"ಎಂಟು ತೋರಿಸ್ತಾ ಅದ. ಹೊರಗ ಹಾಕ್ದಾಗ್ಲೇ ಪೋಡಿನ ಪಟ್ಟಿಯಿಂದ ಹೆಸ್ರು ತೆಗ್ದವ್ರೆ. ಮತ್ತ ಒಳಗ ವಾಸ ಅಂದ್ರ ನಲವತ್ತು ಬೇಕು ಸಾರ್," ಎಂದ.

ಕಾಗದ ಅವನ ಮುಖಕ್ಕೆ ಹಿಡಿದೆ. "ಹತ್ತಕ್ಕಿಂತ ಕಡಿಮೆ ಬಂದ್ರೆ ಹೋಗಬಹುದು ಅಂತ ಮಂಡಳೀನೇ ಬರೆದಿದೆ!"

ಅವನು ನಿಧಾನವಾಗಿ ಓದಿದ. "ಕೇಸು ಮುಗ್ದದ ಅಂತ ಬರ್ದವ್ರೆ ಸಾರ್, ವಾಸ ಅಂತ ಬರ್ದಿಲ್ಲ. ಮರುಪರೀಕ್ಷೆಗ ಅರ್ಜಿ ಹಾಕ್ಲಿ. ಈಗ ಒಳಗ ಹೋಗ್ಬೇಕು ಅಂದ್ರ ಟಿಕೀಟು ತಕ್ಕಳಿ. ಎಲ್ಲಾರ್ಗೂ ಉಂಟಲ್ಲ, ಸಂಜೆ ಆರರ ತನಕ. ಒಂದ್ ಸಾವ್ರ ಠೇವಣಿ, ವಾಪಸ್ ಬಂದ್ರ ಕೊಡ್ತೀವಿ."

ನಾನು ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕಾಡನ್ನು ತಿಂದದ್ದಕ್ಕೆ ಹೊರಗೆ ಹಾಕಿದಿರಿ, ಈಗ ತಿನ್ನದೇ ಇದ್ದದ್ದಕ್ಕೆ ಒಳಗೆ ಬಿಡುವುದಿಲ್ಲ ಎನ್ನುತ್ತೀರಿ, ನಿಮಗೆ ಮನುಷ್ಯರ ಮುಖ ಇದೆಯೇ ಎಂದೆ. ಗಾರ್ಡು ಪಾಪ ತಲೆ ತಗ್ಗಿಸಿ ನಿಂತಿದ್ದ. ಅವನೂ ಸಂಬಳದವನು, ನನ್ನ ಹಾಗೆಯೇ. ಹಿಂದೆ ಸಫಾರಿಗೆ ಬಂದವರ ಕಾರುಗಳು ಹಾರನ್ ಹೊಡೆಯತೊಡಗಿದವು.

ಅವ್ವ ನನ್ನ ತೋಳು ಹಿಡಿದಳು. ಒಂಬತ್ತು ತಿಂಗಳಲ್ಲಿ ಅವಳ ದನಿ ನಾನು ಸರಿಯಾಗಿ ಕೇಳಿದ್ದು ಅವತ್ತೇ.

"ಕೂಗಾಡ್ಬ್ಯಾಡ ಮಗ. ಟಿಕೀಟು ತಕ್ಕೊಡು."

"ಅವ್ವ, ನಿನ್ನ ಕಾಡ್ಗ ನೀನು ಟಿಕೀಟು..."

"ತಕ್ಕೊಡು ಅಂದ್ನಲ್ಲ. ನೀ ಬರ್ಬ್ಯಾಡ. ಇಲ್ಲೇ ಇರು."

ಟಿಕೆಟ್ಟು ಕೊಂಡೆ. ಸಾವಿರ ರೂಪಾಯಿ ಠೇವಣಿ ಕೊಟ್ಟೆ. ಗಾರ್ಡು ಅವ್ವನ ಮಣಿಕಟ್ಟಿಗೆ ಹಳದಿ ಬಣ್ಣದ ಪಟ್ಟಿ ಸುತ್ತಿ, "ರಸ್ತೆ ಬುಟ್ಟು ಇಳೀಬ್ಯಾಡಿ ಅಜ್ಜಿ" ಎಂದ. ಅವಳು ತಲೆಯಾಡಿಸಿದಳು. ಗಂಟು ಕಂಕುಳಲ್ಲಿ ಇಟ್ಟುಕೊಂಡು, ಕಾರುಗಳ ಪಕ್ಕದಲ್ಲಿ ನಡೆಯುತ್ತ ಹೋದಳು. ಮೊದಲ ತಿರುವಿನ ತನಕ ನಿಧಾನವಾಗಿ ನಡೆದಳು. ಆಮೇಲೆ ನನಗೆ ಕಾಣಲಿಲ್ಲ.

ನಾನು ಚೆಕ್‌ಪೋಸ್ಟಿನ ಕಲ್ಲುಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಒಂದು ಟೀ ಕುಡಿದೆ. ಆರು ಗಂಟೆಗೆ ಸಫಾರಿ ವ್ಯಾನುಗಳೆಲ್ಲ ಹೊರಗೆ ಬಂದವು. ಗಾರ್ಡು ಪಟ್ಟಿಗಳನ್ನು ಎಣಿಸಿಕೊಂಡ. ಒಂದು ಕಡಿಮೆ ಇತ್ತು. ವೈರ್‌ಲೆಸ್ಸಿನಲ್ಲಿ ಕೇಳಿದ. ರಸ್ತೆಯ ಮೂರನೇ ಕಿಲೋಮೀಟರಿನಲ್ಲಿ, ಪೊದೆಯ ಮೇಲೆ, ಹಳದಿ ಪಟ್ಟಿ ಮಾತ್ರ ಸಿಕ್ಕಿದೆಯೆಂದು ಅಲ್ಲಿಂದ ಉತ್ತರ ಬಂತು. ಪೋಡಿಗೆ ಜೀಪು ಕಳಿಸಿದರು. ಮೂವತ್ತನಾಲ್ಕು ಮನೆಯವರೂ ಒಂದೇ ಮಾತು ಹೇಳಿದರಂತೆ, ನಾವು ಕಂಡಿಲ್ಲ ಎಂದು.

ಗಾರ್ಡು ನನ್ನ ಮುಂದೆ ಬಂದು ನಿಂತ. ಅವನ ಕೈಯಲ್ಲಿ ರಸೀದಿ ಪುಸ್ತಕ ಇತ್ತು.

"ನಿಮ್ಮವ್ವ ಎಲ್ಗ ಹೋದ್ರು ಸಾರ್?"

ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತಮೂರು ಜಾಗಗಳ ಹೆಸರೂ ಬಾಯಿಪಾಠ ಇತ್ತು. ಹೆದರಿಕೆಯೂ ಆಗುತ್ತಿತ್ತು, ಎಷ್ಟೋ ವರ್ಷಗಳಿಂದ ಆಗದಷ್ಟು ಖುಷಿಯೂ ಆಗುತ್ತಿತ್ತು.

"ಗೊತ್ತಿಲ್ಲ," ಎಂದೆ.

"ಹಂಗಾದ್ರ ಠೇವಣಿ ವಾಪಸ್ ಬರಲ್ಲ ಸಾರ್."

"ಇಟ್ಕಳಿ," ಎಂದೆ.